ಜುಲೈಯಲ್ಲಿ ಚೊಣಕ್ ಮಾರಿದ್ದು ಹೀಗೆ

ಗೋವಾದ ದಿವಾಡಿ ದ್ವೀಪದ ಹತ್ತಿರ ಚೊಣಕ್ ಮೀನು (ಸೀಬಾಸ್) ಸಾಕೋಕೆ ಮಾಂಡವಿ ನದಿಗೆ ಬಲೆಯ ಪಂಜರ ಇಳಿಸಿದಾಗ ಮೊದಲು ನಕ್ಕವರು ಕಾರವಾರದ ನಮ್ಮ ಮಾವ. "ಜೂನ್ ಬರಲಿ, ನಿನ್ನ ಪಂಜರ ಪಣಜಿ ದಾಟಿ ಸಮುದ್ರ ಸೇರಿರ್ತದೆ" ಅಂದರು. ಹೆದರಿ ಮೊದಲ ವರ್ಷ ಮಾರ್ಚ್‌ನಲ್ಲೇ ಎಲ್ಲಾ ಹಿಡಿದು ಮಾರಿದೆ. ಸಾವಿರ ಮರಿ ಬಿಟ್ಟಿದ್ದೆ, ಸಿಕ್ಕಿದ್ದು ಐನೂರೈವತ್ತು. ಉಳಿದವು ಎಲ್ಲಿ ಹೋದವು ಅಂದ್ರೆ, ಅಣ್ಣ ತಮ್ಮನನ್ನು ತಿಂದಿದ್ದ! ವಾರಕ್ಕೊಮ್ಮೆ ಗಾತ್ರ ನೋಡಿ ಬೇರೆ ಮಾಡದಿದ್ದರೆ ಚೊಣಕ್ ಬಿಡೋದಿಲ್ಲ. ಕಿಲೋಗೆ 320 ಸಿಕ್ಕಿತು. ಮುಕ್ಕಾಲು ಲಕ್ಷ ನೀರಿಗೆ ಹೋಯಿತು.

ದುಡ್ಡು ತಿಂದಿದ್ದು ಮೇವು. ಒಂದು ಕಿಲೋ ಚೊಣಕ್ ಬೆಳೆಯೋಕೆ ಆರೇಳು ಕಿಲೋ ತಾರ್ಲೆ (ಬೂತಾಯಿ ಮೀನು) ಹಾಕುತ್ತಿದ್ದೆ. ಊರಿನವರು ಊಟಕ್ಕೆ ಕೊಳ್ಳೋ ಮೀನನ್ನು ನಾನು ಮೀನಿಗೆ ಹಾಕ್ತಿದ್ದೆ, ಅವರಿಗೆ ಕೋಪ ಬರದೇ ಇರುತ್ತಾ? ಎರಡನೇ ವರ್ಷ ಬುದ್ಧಿ ಉಪಯೋಗಿಸಿದೆ ಅಂದುಕೊಂಡೆ: ನದಿಯಲ್ಲಿ ಬಲೆ ಬೀಸುವವರು ಬಿಸಾಡೋ ಚಿಕ್ಕ ಮೀನಿಗೆ ಕಿಲೋಗೆ 15 ರೂಪಾಯಿ ಕೊಟ್ಟೆ. ಮೂರೇ ತಿಂಗಳಲ್ಲಿ ಇಬ್ಬರು ಸಣ್ಣ ಕಣ್ಣಿನ ಬಲೆ ತಂದರು. ಬುಟ್ಟಿ ತಿರುವಿ ನೋಡಿದರೆ ಬೆರಳುದ್ದದ ಶೆವ್ಟೊ (ಮಲೆಟ್ ಮೀನು) ಮರಿಗಳೇ. ಮುಂದಿನ ಸೀಸನ್‌ಗೆ ಅವರ ಬಲೆಯೇ ಖಾಲಿ, ಬೈಗುಳ ಮಾತ್ರ ನನಗೆ. ತಪ್ಪು ನನ್ನದೇ ಇತ್ತು.

ಆಮೇಲೆ ಪಣಜಿ ಮಾರ್ಕೆಟ್‌ನಲ್ಲಿ ಕತ್ತರಿಸಿ ಬಿಟ್ಟ ತಲೆ, ಬಾಲ ತಂದು ರುಬ್ಬಿ, ಅರ್ಧಕ್ಕರ್ಧ ಪೆಲೆಟ್ (ಅಂಗಡಿಯ ಗುಳಿಗೆ ಮೇವು) ಸೇರಿಸಿ ಕೊಟ್ಟೆ. ರುಬ್ಬುವಾಗ ಇನ್ನೊಂದು ವಸ್ತು ಸೇರಿಸ್ತೇನೆ, ಅದನ್ನು ಮಾತ್ರ ಕೇಳಬೇಡಿ.

ಮಧ್ಯೆ ಪಂಜರದ ಪಕ್ಕ ಶಿಣಾಣ್ಯೊ (ಹಗ್ಗಕ್ಕೆ ಅಂಟಿ ಬೆಳೆಯೋ ಚಿಪ್ಪು ಜೀವಿ) ಹಗ್ಗ ಇಳಿಬಿಟ್ಟು ನೋಡಿದೆ. ಮೇ ತಿಂಗಳವರೆಗೆ ಚೆನ್ನಾಗಿ ಬೆಳೆದವು. ಮಳೆಗೆ ನದಿ ಸಿಹಿಯಾದ ಮೇಲೆ ಎಲ್ಲಾ ಬಾಯಿ ಬಿಟ್ಟು ನಾರಿದವು. ಚೊಣಕ್‌ಗೆ ಉಪ್ಪು, ಸಿಹಿ ಎರಡೂ ನಡೆಯುತ್ತೆ, ಅಲ್ಲೇ ನನ್ನ ಲೆಕ್ಕ ಇದ್ದದ್ದು. ಜೂನ್ 1ರಿಂದ ಜುಲೈ 31, ಅಂದ್ರೆ 61 ದಿನ ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಪಣಜಿ ಹತ್ತಿರದ ಮಾಲಿಂ ಮೀನುಗಾರಿಕೆ ಜೆಟ್ಟಿಯ ಟ್ರಾಲರ್‌ಗಳೆಲ್ಲ ಕಟ್ಟಿ ಹಾಕಿರುತ್ತವೆ. ಆಗ ತಾಜಾ ಮೀನು ಇಟ್ಟುಕೊಂಡವನೇ ರಾಜ. ಹೊಳೆ ತುಂಬೋ ಮೊದಲು, ಮೇ ಕೊನೆಗೆ ಪಂಜರವನ್ನು ಪಕ್ಕದ ಸಣ್ಣ ಕವಲಿಗೆ ಎಳೆದು ಕಟ್ಟಿದೆ. ಎಲ್ಲರೂ ಹುಚ್ಚು ಅಂದರು. ಹರಿವು ಕಡಿಮೆ, ಆದರೆ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಅದಕ್ಕೆ ಏರೇಟರ್ (ನೀರಿಗೆ ಗಾಳಿ ಸೇರಿಸೋ ಯಂತ್ರ) ಬೇಕೇ ಬೇಕು. ಒಂದು ರಾತ್ರಿ ಕರೆಂಟ್ ಹೋಗಿ ನಲವತ್ತು ಮೀನು ಸತ್ತವು.

ಮೂರನೇ ವರ್ಷ ಸಾವಿರದಲ್ಲಿ ಸುಮಾರು 760 ಉಳಿದವು, ಒಂದೊಂದೂ ಕಿಲೋಗಿಂತ ಜಾಸ್ತಿ. ಜುಲೈಯಲ್ಲಿ 520, 550ಕ್ಕೆ ಹೋಟೆಲ್‌ನವರೇ ಬಂದು ಒಯ್ದರು. ಮೇವು, ಮರಿ, ಕೂಲಿ ಕಳೆದು ಎರಡು ಲಕ್ಷದ ಹತ್ತಿರ ಉಳಿಯಿತು. ಮಾವ ಈಗ ಮರಿ ಎಲ್ಲಿಂದ ತರಿಸ್ತೀಯಾ ಅಂತ ಫೋನ್ ಮಾಡ್ತಾರೆ.

ಬಲೆಯವರ ಜಗಳವೂ ಬೇರೆ ರೀತಿ ಮುಗಿಯಿತು. ಪಂಜರದಿಂದ ಉದುರಿದ ಮೇವಿಗೆ ಶೆವ್ಟೊ ಗುಂಪು ಗುಂಪಾಗಿ ಬರುತ್ತವೆ. ಅವರು ಸುತ್ತ ಬಲೆ ಬಿಡ್ತಾರೆ. ನನ್ನ ಆಂಕರ್ ಹಗ್ಗಕ್ಕೆ ಸಿಕ್ಕಿ ಎರಡು ಬಲೆ ಹರಿದವು, ದುಡ್ಡು ಕೊಟ್ಟೆ. ಈ ಮೇಯಲ್ಲಿ ಪಂಜರ ಎಳೆದಿದ್ದು ಅವರದೇ ದೋಣಿ, ಪೆಟ್ರೋಲ್ ಮಾತ್ರ ನನ್ನದು.