ಬೆಂಕಿಗೆ ಅಂತ ತಂದ ತಿಜೋರಿ

ಪಕ್ಕದ ಮನೆಗೆ ಒಂದು ರಾತ್ರಿ ಬೆಂಕಿ ಬಿತ್ತು. ಅಡಿಕೆ ಬೇಯಿಸುವ ಒಲೆಯ ಕಿಡಿ ಕಟ್ಟಿಗೆ ರಾಶಿಗೆ ಹತ್ತಿ, ಅಲ್ಲಿಂದ ಮರದ ಅಟ್ಟಕ್ಕೆ ಏರಿತ್ತು. ನಮ್ಮದು ಮಲೆನಾಡಿನ ಮೂಲೆಯ ಊರು. ಆ ರಸ್ತೆಯಲ್ಲಿ ಬೆಂಕಿ ಆರಿಸುವ ಗಾಡಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಕಬ್ಬಿಣದ ಬೀರು ನೆಟ್ಟಗೆ ನಿಂತೇ ಇತ್ತು. ಬಾಗಿಲು ತೆಗೆದರೆ ಕ್ರಯಪತ್ರ, ವಿಭಾಗಪತ್ರ ಎಲ್ಲ ಮುಟ್ಟಿದರೆ ಪುಡಿ. ಲ್ಯಾಮಿನೇಷನ್ ಮಾಡಿಸಿದ್ದ ಅಂಕಪಟ್ಟಿಗಳು ಕರಗಿ ಒಂದೇ ಉಂಡೆಯಾಗಿದ್ದವು.

ಮನೆಗೆ ಬಂದು ನಮ್ಮ ಬೀರುವಿನ ಕಾಗದಗಳನ್ನೆಲ್ಲ ಚಾಪೆ ಮೇಲೆ ಹರವಿದೆ. ಅರ್ಧಕ್ಕರ್ಧ ಮತ್ತೆ ಸಿಗುವಂಥವು. ಪಹಣಿ ಸರ್ಕಾರದ 'ಭೂಮಿ' ಜಾಲತಾಣದಲ್ಲಿದೆ, ಇಸಿ ಅಂದರೆ ಆಸ್ತಿಯ ಋಣಭಾರ ಪತ್ರ 'ಕಾವೇರಿ' ಜಾಲತಾಣದಲ್ಲಿದೆ. ನೋಂದಣಿಯಾದ ಪತ್ರಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಆದರೆ ಮೂಲ ಪತ್ರ ಹೋದರೆ ಸಾಲಕ್ಕೋ ಮಾರಾಟಕ್ಕೋ ಹೊರಟಾಗ ಪೊಲೀಸ್ ದೂರು, ಪೇಪರ್ ಪ್ರಕಟಣೆ ಅಂತ ಅಲೆಯಬೇಕು. ಅಜ್ಜನ ಕಾಲದ ಪಾಲುಪಟ್ಟಿ ಮತ್ತು ಅಪ್ಪಯ್ಯನ ಉಯಿಲಿಗಂತೂ ನಕಲೇ ಇರಲಿಲ್ಲ. ಉಯಿಲನ್ನು ಲಕೋಟೆಗೆ ಹಾಕಿ ಸೀಲ್ ಮಾಡಿ ಜಿಲ್ಲಾ ನೋಂದಣಾಧಿಕಾರಿ ಬಳಿ ಇಡಬಹುದು. 1908ರ ನೋಂದಣಿ ಕಾಯ್ದೆಯಲ್ಲೇ ಅದಕ್ಕೆ ದಾರಿ ಇದೆ. ಅಪ್ಪಯ್ಯ ಒಪ್ಪಲಿಲ್ಲ.

ಬ್ಯಾಂಕ್ ಲಾಕರ್ ಬಗ್ಗೆಯೂ ಯೋಚಿಸಿದೆ. 2022ರಿಂದ ಇರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬೆಂಕಿ, ಕಳ್ಳತನ ಆದರೆ ಬ್ಯಾಂಕ್ ಕೊಡಬೇಕಾದದ್ದು ವರ್ಷದ ಬಾಡಿಗೆಯ 100 ಪಟ್ಟು. 2,000 ರೂಪಾಯಿ ಬಾಡಿಗೆ ಇದ್ದರೆ 2 ಲಕ್ಷ. ದುಡ್ಡೇನೋ ಬರುತ್ತದೆ, ಪಾಲುಪಟ್ಟಿ ಬರುವುದಿಲ್ಲವಲ್ಲ.

ತಿಜೋರಿ ಹುಡುಕಿಕೊಂಡು ಶಿವಮೊಗ್ಗಕ್ಕೆ ಹೋದೆ. ಮೊದಲ ಅಂಗಡಿಯವರು ತಗಡಿನ ದಪ್ಪ, ಬೋಲ್ಟಿನ ಗಾತ್ರ ತೋರಿಸಿದರು. "ಬೆಂಕಿಗೆ?" ಅಂದೆ. "ಕಬ್ಬಿಣ ಎಲ್ಲಾದ್ರೂ ಸುಡುತ್ತಾ ಸಾರ್?" ಅಂದರು. ಪಕ್ಕದ ಮನೆಯ ಬೀರು ನೋಡಿ ಬಂದವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಬ್ಬಿಣ ಸುಡುವುದಿಲ್ಲ ನಿಜ, ಶಾಖವನ್ನು ಒಳಗೆ ದಾಟಿಸುತ್ತದೆ. ಸುಮಾರು 230 ಡಿಗ್ರಿ ಮುಟ್ಟಿದರೆ ಕಾಗದ ಸುಟ್ಟುಹೋಗುತ್ತದೆ. ಕಳ್ಳರಿಗೆ ಮಾಡಿದ ತಿಜೋರಿಯೇ ಬೇರೆ, ಬೆಂಕಿಗೆ ಮಾಡಿದ್ದೇ ಬೇರೆ.

ಬೆಂಕಿಯ ತಿಜೋರಿ ಕೊಳ್ಳುವಾಗ ಕೇಳಬೇಕಾದದ್ದು ಎರಡೇ ಅಂಕಿ: ಎಷ್ಟು ನಿಮಿಷ, ಅಷ್ಟು ಹೊತ್ತು ಒಳಗೆ ಎಷ್ಟು ಡಿಗ್ರಿ. ವಸ್ತುಗಳ ಸುರಕ್ಷತೆ ಪರೀಕ್ಷಿಸುವ ಅಮೆರಿಕದ ಯುಎಲ್ ಸಂಸ್ಥೆಯ ಪರೀಕ್ಷೆಯಲ್ಲಿ ಒಂದು ಗಂಟೆಯ ತಿಜೋರಿಯನ್ನು ಕುಲುಮೆಗೆ ಹಾಕುತ್ತಾರೆ. ಹೊರಗಿನ ಶಾಖ ಏರುತ್ತಾ ಕೊನೆಗೆ 927 ಡಿಗ್ರಿ ಮುಟ್ಟುತ್ತದೆ. ಒಳಗೆ ಮಾತ್ರ 177 ದಾಟಬಾರದು. ಬರೀ 'ಫೈರ್ ಪ್ರೂಫ್' ಅಂತ ಚೀಟಿ ಅಂಟಿಸಿದ್ದು ನನಗೆ ಬೇಡವಾಗಿತ್ತು. ಅರ್ಧ ಗಂಟೆಯದ್ದು ಅಗ್ಗವಾಗಿತ್ತು. ಆದರೆ ನಮ್ಮೂರಿಗೆ ಗಾಡಿ ಬರಲಿಕ್ಕೇ ಮುಕ್ಕಾಲು ಗಂಟೆ ಅಲ್ವಾ? ಒಂದು ಗಂಟೆಯದ್ದೇ ತಂದೆ. ಕೀ ಇರುವುದೇ ಬೇಕು ಅಂದೆ. ನಂಬರ್ ಒತ್ತುವುದು ಅಪ್ಪಯ್ಯನಿಗೆ ಆಗುವ ಮಾತಲ್ಲ.

"ಬೀರು ಇದೆಯಲ್ಲ ಮಾರಾಯ, ಮತ್ತೆಂತಕ್ಕೆ ಇದು?" ಅಂದರು ಅಪ್ಪಯ್ಯ. ನಾಲ್ಕು ಜನ ಸೇರಿ ಇಳಿಸಿ ಕೆಳಗಿನ ಕೋಣೆಯಲ್ಲಿ, ಅಡುಗೆಮನೆಯಿಂದ ದೂರ, ಸಿಮೆಂಟ್ ನೆಲದ ಮೇಲೆ ಇಟ್ಟೆವು. ಅಟ್ಟದಲ್ಲಿಟ್ಟಿದ್ದರೆ ಹಲಗೆ ಸುಟ್ಟಾಗ ಅದು ಕೆಳಗೆ ಬೀಳುತ್ತದೆ. ಬಿದ್ದರೂ ತಡೆಯುವ ತಿಜೋರಿಗಳಿವೆ, ಅವಕ್ಕೆ ಬೇರೆ ಪರೀಕ್ಷೆ ಇದೆ. ನನ್ನದು ಅಂಥದ್ದಲ್ಲ. ಪೆನ್ ಡ್ರೈವ್ ಒಳಗಿಡಲಿಲ್ಲ. ಕಾಗದ ತಡೆಯುವ ಶಾಖವನ್ನು ಅದು ತಡೆಯುವುದಿಲ್ಲ, ಅಂಥವಕ್ಕೆ ಇರುವ ಮಿತಿ 52 ಡಿಗ್ರಿ. ಸ್ಕ್ಯಾನ್ ಪ್ರತಿಗಳನ್ನು ಮೈಸೂರಿನ ಅಕ್ಕನಿಗೆ ಕಳಿಸಿ ಕೈತೊಳೆದುಕೊಂಡೆ.

ಆಷಾಢದ ಮಳೆ ಮುಗಿದ ಮೇಲೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ! ಕ್ರಯಪತ್ರ ಹಪ್ಪಳದ ಹಸಿ ಹಿಟ್ಟಿನಂತೆ ಮೆತ್ತಗಾಗಿತ್ತು. ಅಜ್ಜನ ಪಾಲುಪಟ್ಟಿಯ ಅಂಚಿಗೆ ಬಿಳಿ ಬೂಷ್ಟು. ಬೆಂಕಿ ಇಲ್ಲದೆಯೇ ನಾನೇ ಅದನ್ನು ಹಾಳು ಮಾಡಲು ಹೊರಟಿದ್ದೆ. ತಪ್ಪು ತಿಜೋರಿಯದ್ದಲ್ಲ. ಇಂಥವುಗಳ ಗೋಡೆಯೊಳಗೆ ನೀರಿನ ಅಂಶ ಹಿಡಿದಿಟ್ಟುಕೊಂಡ ಗಾರೆಯಂಥ ವಸ್ತು ತುಂಬಿರುತ್ತಾರೆ. ಬೆಂಕಿ ಬಿದ್ದಾಗ ಆ ನೀರು ಆವಿಯಾಗಿ ಶಾಖ ಹೀರುತ್ತದೆ, ಕಾಗದ ಉಳಿಯುತ್ತದೆ. ಬೆಂಕಿ ಇಲ್ಲದ ದಿನಗಳಲ್ಲೂ ಆ ತೇವ ಚೂರುಚೂರೇ ಒಳಗೆ ಇಳಿಯುತ್ತದೆ. ಮೇಲಿಂದ ನಮ್ಮ ಮಳೆಗಾಲ. ಗಾಳಿಯಾಡದ ಪೆಟ್ಟಿಗೆ ಬೇರೆ.

ಪ್ಲಾಸ್ಟಿಕ್ ಕವರಿಗೆ ಹಾಕಿಡೋಣ ಅಂದುಕೊಂಡೆ. ಆಮೇಲೆ ಹೊಳೆಯಿತು: ಒಳಗೆ 177ರವರೆಗೆ ಹೋಗಬಹುದು, ಪಾಲಿಥಿನ್ ಅದಕ್ಕೂ ಮುಂಚೆಯೇ ಕರಗಿ ಕಾಗದಕ್ಕೆ ಅಂಟುತ್ತದೆ. ಪಕ್ಕದ ಮನೆಯ ಅಂಕಪಟ್ಟಿಯ ಉಂಡೆ ಕಣ್ಣಮುಂದೆ ಬಂತು. ಈಗ ಒಗೆದು ಒಣಗಿಸಿದ ಹಳೇ ಕಾಟನ್ ಪಂಚೆಯಲ್ಲಿ ಸುತ್ತಿಡುತ್ತೇನೆ, ಅಜ್ಜ ಕಟ್ಟಿಡುತ್ತಿದ್ದ ಹಾಗೆ. ಜೊತೆಗೆ ಸಿಲಿಕಾ ಜೆಲ್ ಚೀಲಗಳು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ, ಆಗ ಬದಲಾಯಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ, ಬಿಸಿಲಿದ್ದ ದಿನ, ಒಂದು ಗಂಟೆ ಬಾಗಿಲು ತೆರೆದಿಡುತ್ತೇನೆ. ಎರಡು ಮಳೆಗಾಲ ಕಳೆದವು, ಬೂಷ್ಟು ಮತ್ತೆ ಬಂದಿಲ್ಲ.

ಮನೆಯವರಿಗೆಲ್ಲ ಒಂದು ಮಾತು ಹೇಳಿಟ್ಟಿದ್ದೇನೆ. ಬೆಂಕಿ ಆರಿದ ತಕ್ಷಣ ತಿಜೋರಿ ತೆಗೆಯಬಾರದು, ಪೂರ್ತಿ ತಣಿಯಬೇಕು. ಒಳಗೆ ಕಾದ ಕಾಗದಕ್ಕೆ ಹೊಸ ಗಾಳಿ ಸಿಕ್ಕರೆ ಆಗಲೂ ಹೊತ್ತಿಕೊಳ್ಳಬಹುದು.

ಅಪ್ಪಯ್ಯನಿಗೆ ಈಗ ತಿಜೋರಿ ಇಷ್ಟವೇ. ಕವಳದ ತಟ್ಟೆ ಇಡಲಿಕ್ಕೆ ಹದವಾದ ಎತ್ತರ. ಉಯಿಲು ಮಾತ್ರ ಇನ್ನೂ ಬೀರುವಿನಲ್ಲೇ ಇದೆ. ಯಾಕೆ ಅಂತ ಕೇಳಿದೆ. "ತಿಜೋರಿಯ ಇನ್ನೊಂದು ಕೀ ನಿನ್ನ ಹತ್ತಿರ ಇದೆಯಲ್ಲ" ಅಂದರು.