ಕಾವಲಿಯ ಮೇಲೆ ಫಿಲಡೆಲ್ಫಿಯಾದ ಚೀಸ್‌ಸ್ಟೇಕ್

ಚೀಸ್‌ಸ್ಟೇಕ್ ಅಂದರೆ ತೆಳ್ಳಗೆ ಹೆಚ್ಚಿ ಹುರಿದ ಬೀಫ್, ಚೀಸ್ ತುಂಬಿದ ಉದ್ದನೆಯ ಬ್ರೆಡ್ ರೋಲ್; ಅಮೆರಿಕದ ಫಿಲಡೆಲ್ಫಿಯಾ ನಗರದ ತಿನಿಸು. ಮನೆಯಲ್ಲಿ ಮಾಡಿದ್ದು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮಾಂಸ ನೀರು ಬಿಟ್ಟು ಅದರಲ್ಲೇ ಬೇಯುತ್ತದೆ, ಹುರಿಯುವುದೇ ಇಲ್ಲ.

ಎರಡು ರೋಲ್‌ಗೆ ನಾನು 450 ಗ್ರಾಂ ಬೀಫ್ ರಿಬ್‌ಐ ತೆಗೆದುಕೊಳ್ಳುತ್ತೇನೆ. ಮಾಂಸದ ನಡುನಡುವೆ ಕೊಬ್ಬು ಹರಡಿರುವ ಭಾಗವಾದ್ದರಿಂದ ಒಂದು ಚಮಚ ಎಣ್ಣೆ ಸಾಕು. ಫ್ರೀಜರ್‌ನಲ್ಲಿ 45 ನಿಮಿಷದಿಂದ ಒಂದು ಗಂಟೆ ಇಟ್ಟರೆ ಅಂಚು ಗಟ್ಟಿಯಾಗಿ, ನಡುಭಾಗ ಒತ್ತಿದರೆ ತುಸು ಬಗ್ಗುವ ಹದಕ್ಕೆ ಬರುತ್ತದೆ. ಆಗ ಎಳೆಗೆ ಅಡ್ಡವಾಗಿ 2 ಮಿ.ಮೀ. ದಪ್ಪಕ್ಕೆ ಹೆಚ್ಚಬೇಕು. ಎಳೆಯ ಉದ್ದಕ್ಕೆ ಹೆಚ್ಚಿದರೆ ಎಷ್ಟು ತೆಳುವಾಗಿದ್ದರೂ ನಾರು ನಾರಾಗಿ ಹಲ್ಲಿಗೆ ಸಿಕ್ಕುತ್ತದೆ.

ದೋಸೆಯ ಕಬ್ಬಿಣದ ಕಾವಲಿಯೇ ಇದಕ್ಕೂ ಸರಿ. ಮೊದಲು ಸಣ್ಣಗೆ ಹೆಚ್ಚಿದ ಒಂದು ದೊಡ್ಡ ಈರುಳ್ಳಿಯನ್ನು ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಬಾಡಿಸಿ ಪಕ್ಕಕ್ಕಿಡಿ. ಆಮೇಲೆ ಉರಿ ಜೋರು ಮಾಡಿ, ತೆಳ್ಳಗೆ ಹೊಗೆ ಏಳುವ ತನಕ ಕಾಯಿರಿ. ಮಾಂಸವನ್ನು ಎರಡು ಸರದಿಯಲ್ಲಿ ಹಾಕಿ. ಒಟ್ಟಿಗೆ ಸುರಿದರೆ ಕಾವಲಿ ತಣ್ಣಗಾಗಿ ಚುಂಯ್ ಸದ್ದು ನಿಂತುಹೋಗುತ್ತದೆ. ಬೂದುಬಣ್ಣದ ನೀರು ಕಾಣಿಸಿತೆಂದರೆ ಕೆಲಸ ಕೆಟ್ಟಿತು. ಉಪ್ಪು ಹಾಕುವುದು ಕಾವಲಿಗೆ ಬಿದ್ದ ಮೇಲೆಯೇ. ಒಂದು ನಿಮಿಷ ಮುಟ್ಟದೆ ಬಿಟ್ಟು, ತಳ ಕೆಂಪಾದಾಗ ಮಗುಚಿ, ಇನ್ನರ್ಧ ನಿಮಿಷ.

ಎರಡೂ ಸರದಿ ಮುಗಿದ ಮೇಲೆ ಈರುಳ್ಳಿ ಬೆರೆಸಿ, ರೋಲ್‌ನ ಉದ್ದಕ್ಕೆ ಎರಡು ಸಾಲು ಮಾಡಿ, ಉರಿ ಆರಿಸಿ, ಸಾಲಿಗೆ ಮೂರು ಹಾಳೆ ಚೀಸ್ ಹೊದಿಸಿ. ಅಮೆರಿಕನ್ ಚೀಸ್ ನುಣ್ಣಗೆ ಕರಗುತ್ತದೆ. ಹಳೆಯ, ತೀಕ್ಷ್ಣವಾದ ಪ್ರೊವೊಲೋನ್ ಎಂಬ ಇಟಲಿ ಮೂಲದ ಚೀಸ್‌ಗೆ ರುಚಿ ಹೆಚ್ಚು, ಆದರೆ ಶಾಖ ಮೀರಿದರೆ ಎಣ್ಣೆ ಬೇರೆಯಾಗುತ್ತದೆ. ಸುಮಾರು 25 ಸೆಂ.ಮೀ. ಉದ್ದದ ರೋಲನ್ನು ಪೂರ್ತಿ ಸೀಳದೆ ಪುಸ್ತಕದಂತೆ ತೆರೆದು ಸಾಲಿನ ಮೇಲೆ ಕವುಚಿ. 40 ಸೆಕೆಂಡಿನ ಆವಿಗೆ ಬ್ರೆಡ್ಡು ಮೆದುವಾಗುತ್ತದೆ, ಚೀಸ್ ಅಂಟಿಕೊಳ್ಳುತ್ತದೆ. ಅಗಲದ ಮಗುಚುವ ಕೈಯನ್ನು ಅಡಿಗೆ ತೂರಿಸಿ ಒಂದೇ ಸಲಕ್ಕೆ ಮಗುಚಿ. ರೋಲ್‌ನ ಹೊರಪದರ ಬಿರುಸಾಗಿದ್ದರೆ ಮೊದಲ ಕಡಿತಕ್ಕೇ ಮಾಂಸ ಹಿಂದಿನಿಂದ ಜಾರುತ್ತದೆ.

ಮೂಲದ ರುಚಿ ನೋಡಬೇಕಾದರೆ ಫಿಲಡೆಲ್ಫಿಯಾಕ್ಕೇ ಹೋಗಬೇಕು. 9ನೇ ಬೀದಿಯೂ ಪ್ಯಾಶಂಕ್ ಅವೆನ್ಯೂವೂ ಕೂಡುವಲ್ಲಿ 1930ರಲ್ಲಿ ಶುರುವಾದ ಪ್ಯಾಟ್ಸ್ ಅಂಗಡಿ, ಅದರೆದುರು 1966ರಿಂದಿರುವ ಜೀನೋಸ್. ಅಲ್ಲಿ ‘ವಿಜ್ ವಿಟ್’ ಅಂದರೆ ಚೀಜ್ ವಿಜ್ (ಸಾಸ್‌ನಂತೆ ಹರಿಯುವ ಸಂಸ್ಕರಿಸಿದ ಚೀಸ್), ಈರುಳ್ಳಿ ಸಹಿತ. ಈ ಎರಡನ್ನೇ ನೋಡಿ ವಾಪಸಾಗಬೇಡಿ. ನನ್ನ ಮಟ್ಟಿಗೆ ಮೇಲುಗೈ ಸ್ನೈಡರ್ ಅವೆನ್ಯೂದ ಜಾನ್ಸ್ ರೋಸ್ಟ್ ಪೋರ್ಕ್‌ದು: ಎಳ್ಳು ಹಚ್ಚಿದ ರೋಲ್, ತೀಕ್ಷ್ಣವಾದ ಪ್ರೊವೊಲೋನ್. ಅದೇ ನಗರದ ರಾಕ್ಸ್‌ಬರೋ ಬಡಾವಣೆಯ ಡಾಲೆಸಾಂಡ್ರೋಸ್‌ನಲ್ಲಿ ಮಾಂಸವನ್ನು ಕಾವಲಿಯ ಮೇಲೇ ಪುಡಿಪುಡಿಯಾಗಿ ಕೊಚ್ಚುತ್ತಾರೆ. ಅದರ ಜೊತೆ ಮೆಣಸಿನಕಾಯಿ ಕೇಳಿ ಹಾಕಿಸಿಕೊಳ್ಳಿ.

ಪಾರ್ಸಲ್ ಮಾತ್ರ ಬೇಡ. ಕಾಗದದೊಳಗಿನ ಆವಿಗೆ ಕಾಲು ಗಂಟೆಯಲ್ಲಿ ಬ್ರೆಡ್ಡಿನ ತಳ ನೆಂದುಹೋಗುತ್ತದೆ. ಅಲ್ಲೇ, ಮುಂದಕ್ಕೆ ಬಾಗಿ ನಿಂತು ತಿನ್ನಿ. ಜಿಡ್ಡು ಅಂಗಿಗೆ ಬೀಳುವುದಿಲ್ಲ.