ಅಮೆರಿಕದಲ್ಲಿ ದಾನ ಕೊಡೋರಿಗೆ: ಅಕ್ಷರ ಬೇರೆ, ನಂಬರ್ ಬೇರೆ

ಡಿಸೆಂಬರ್ ಬಂತು ಅಂದ್ರೆ ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಪ್ರಶ್ನೆ, "ಈ ಸಂಸ್ಥೆಗೆ ಕೊಟ್ರೆ ಟ್ಯಾಕ್ಸಲ್ಲಿ ತೋರಿಸ್ಬಹುದಾ?" ತಕ್ಷಣ ಯಾರೋ ಒಂದು ಸ್ಕ್ರೀನ್‌ಶಾಟ್ ಹಾಕ್ತಾರೆ, ಅದ್ರಲ್ಲಿ ಎ23 ಅಂತ ಕೋಡ್ ಇರುತ್ತೆ, "ನೋಡಿ ಸಾರ್, ಗವರ್ನಮೆಂಟ್ ಕೋಡೇ ಇದೆ" ಅಂತಾರೆ, ಅಲ್ಲಿಗೆ ಚರ್ಚೆ ಮುಗೀತು.

ಆ ಕೋಡ್ ಹೆಸರು ಎನ್‌ಟಿಇಇ, ನಾನ್‌ಪ್ರಾಫಿಟ್‌ಗಳನ್ನ ಕೆಲ್ಸದ ಪ್ರಕಾರ ವಿಂಗಡಿಸೋ ಪಟ್ಟಿ. ಎ ಇಂದ ಝಡ್ ತನಕ 26 ಗುಂಪು: ಎ ಕಲೆ-ಸಂಸ್ಕೃತಿ (ಎ23 ಇದ್ರೊಳಗಿಂದು), ಬಿ ಶಿಕ್ಷಣ, ಎಕ್ಸ್ ಧರ್ಮ, ಅದ್ರೊಳಗೆ ಎಕ್ಸ್70 ಅಂದ್ರೆ ಹಿಂದೂ ಸಂಸ್ಥೆಗಳು, ಬಿ82 ಅಂದ್ರೆ ಸ್ಕಾಲರ್‌ಶಿಪ್. ಸಂಸ್ಥೆ ಏನು ಕೆಲ್ಸ ಮಾಡುತ್ತೆ ಅಂತ ಹೇಳೋಕೆ ಇರೋ ಲೇಬಲ್ ಅಷ್ಟೇ. ಸಣ್ಣ ಸಂಸ್ಥೆಗಳು ಟ್ಯಾಕ್ಸ್ ವಿನಾಯ್ತಿ ಕೇಳೋಕೆ 1023-ಇಝಡ್ ಅನ್ನೋ ಅರ್ಜಿ ತುಂಬುವಾಗ ಈ ಕೋಡನ್ನ ತಾವೇ ಆರಿಸ್ಕೊಂಡು ಬರೀತಾರೆ, ಇದನ್ನ ಸರ್ಟಿಫಿಕೇಟ್ ಅಂದ್ಕೊಳ್ಳೋದು ಹೇಗೆ ಹೇಳಿ.

ನೀವು ನೋಡ್ಬೇಕಾಗಿರೋದು ಇನ್ನೊಂದು, ನಾನ್‌ಪ್ರಾಫಿಟ್‌ಗಳಿಗೆ ಟ್ಯಾಕ್ಸ್ ವಿನಾಯ್ತಿ ಕೊಡೋ 501(ಸಿ) ಸೆಕ್ಷನ್ ಆದ್ಮೇಲೆ ಬರೋ ನಂಬರ್. (3) ಇದ್ರೆ ನಿಮ್ಮ ದಾನಕ್ಕೆ ಸಾಮಾನ್ಯವಾಗಿ ಡಿಡಕ್ಷನ್ ಸಿಗುತ್ತೆ, ಅಂದ್ರೆ ಟ್ಯಾಕ್ಸ್ ಲೆಕ್ಕದ ಆದಾಯದಲ್ಲಿ ಅಷ್ಟು ಕಳೀಬಹುದು. (7) ಅಂದ್ರೆ ಸೋಷಿಯಲ್ ಕ್ಲಬ್, (6) ವ್ಯಾಪಾರಿಗಳ ಸಂಘ, (4) ಸೋಷಿಯಲ್ ವೆಲ್‌ಫೇರ್. ಇವೂ ನಾನ್‌ಪ್ರಾಫಿಟ್ಟೇ, ಆದ್ರೆ ಇವಕ್ಕೆ ಕೊಟ್ಟಿದ್ದು ಸಾಮಾನ್ಯವಾಗಿ ಡಿಡಕ್ಟ್ ಆಗಲ್ಲ. ಹೋದ ವರ್ಷ ನಮ್ಮ ಟೀಮಿನ ಹುಡುಗ ಒಬ್ಬ, ಅಮೆರಿಕಕ್ಕೆ ಬಂದು ಇನ್ನೂ ವರ್ಷ ಆಗಿರ್ಲಿಲ್ಲ, ಪಾಂಪ್ಲೆಟ್ಟಲ್ಲಿ "ನಾನ್‌ಪ್ರಾಫಿಟ್" ಅಂತಿತ್ತು, ಕೋಡ್ ನೋಡಿದ್ರೆ ಎ23, ಸರಿ ಅಂತ ಸಾವಿರ ಡಾಲರ್ ಕೊಟ್ಟ. ನಾವು ಕೊಟ್ಟಷ್ಟೇ ಕಂಪ್ನಿನೂ ಹಾಕೋ ಆಫೀಸಿನ ಮ್ಯಾಚಿಂಗ್ ಪೋರ್ಟಲ್ ಆ ಹೆಸ್ರನ್ನ ತಗೊಳ್ಳಲೇ ಇಲ್ಲ, ಕಂಪ್ನಿ ಹಾಕ್ಬೇಕಿದ್ದ ಇನ್ನೊಂದು ಸಾವಿರ ಹೋಯ್ತು, ಟ್ಯಾಕ್ಸ್ ಮಾಡೋರೂ ಆ ಸಾಲಿಗೆ ಗೀಟು ಎಳೆದ್ರು. ನೋಡಿದ್ರೆ ಅದು (7). ಸಂಘದೋರು ಸುಳ್ಳೇನೂ ಹೇಳಿರ್ಲಿಲ್ಲ, ಇವ್ನು ಕೇಳಿರ್ಲಿಲ್ಲ.

ಹಾಗಾಗಿ ಹೆಸ್ರು ಹಾಕಿ ಹುಡುಕ್ಬೇಡಿ, ಒಂದೇ ಥರದ ಹೆಸ್ರಿನ ಸಂಘಗಳು ಬೇಕಾದಷ್ಟಿವೆ. ಸಂಘದ ಖಜಾಂಚಿ ಹತ್ರ ಇಐಎನ್ (ಸಂಸ್ಥೆಯ ಟ್ಯಾಕ್ಸ್ ನಂಬರ್) ಕೇಳಿ, ಒಂಬತ್ತು ಅಂಕಿ ಇರುತ್ತೆ, ಅದನ್ನ ಐಆರ್‌ಎಸ್ ಅನ್ನೋ ಇಲ್ಲಿನ ಟ್ಯಾಕ್ಸ್ ಇಲಾಖೆಯವ್ರ ಹುಡುಕೋ ಪೇಜಲ್ಲಿ ಹಾಕಿ. ಆ ನಂಬರ್ ಕೊಡೋಕೆ ಅವ್ರು ಹಿಂದೆಮುಂದೆ ನೋಡಿದ್ರೆ ದಾನ ಕೊಡೋಕೆ ನೀವೂ ಹಿಂದೆಮುಂದೆ ನೋಡಿ. ಮೂರು ವರ್ಷ ಸತತವಾಗಿ 990 (ಸಂಸ್ಥೆಗಳು ವರ್ಷ ವರ್ಷ ಐಆರ್‌ಎಸ್‌ಗೆ ಕೊಡೋ ರಿಟರ್ನ್) ಫೈಲ್ ಮಾಡ್ದಿದ್ರೆ ಮಾನ್ಯತೆ ತಾನಾಗೇ ರದ್ದಾಗುತ್ತೆ, ವಾಲಂಟಿಯರ್‌ಗಳೇ ನಡೆಸೋ ಸಂಘಗಳಲ್ಲಿ ಕಮಿಟಿ ಬದಲಾಗೋ ಗಡಿಬಿಡಿಲಿ ಇದು ಮರೆತೇ ಹೋಗೋ ಕೆಲ್ಸ. ಅದನ್ನೂ ಅಲ್ಲೇ ನೋಡ್ಬಹುದು.

ಈ 990 ಅನ್ನೋದು ಮಾತ್ರ ನಂಗೆ ಬಹಳ ಇಷ್ಟ. ದೊಡ್ಡ ಸಂಸ್ಥೆ ಯಾವುದೇ ಇರ್ಲಿ, ಡೈರೆಕ್ಟರ್ ಸಂಬಳ ಎಷ್ಟು, ಫಂಡ್‌ರೈಸಿಂಗ್‌ಗೆ ಎಷ್ಟು ಹೋಯ್ತು, ಎಲ್ಲಾ ಪ್ರೊಪಬ್ಲಿಕಾ ಅನ್ನೋ ಸುದ್ದಿಸಂಸ್ಥೆಯ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್ ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತೆ. ವರ್ಷದ ಆದಾಯ 50,000 ಡಾಲರ್ ಒಳಗಿರೋ ಸಣ್ಣೋರದ್ದು ಬರೀ ಪೋಸ್ಟ್‌ಕಾರ್ಡ್ ಥರದ 990-ಎನ್, ಅದ್ರಲ್ಲಿ ಲೆಕ್ಕಾನೇ ಇರಲ್ಲ. ಇನ್ನು ಚರ್ಚ್ ಅಂತ ಲೆಕ್ಕಕ್ಕೆ ಬರೋ ದೇವಸ್ಥಾನಗಳು 990 ಹಾಕೋದೇ ಬೇಕಿಲ್ಲ, ಅದಕ್ಕೇ 990 ಹಾಕಿರೋ ಎಕ್ಸ್70 ಸಂಸ್ಥೆಗಳ ಲೆಕ್ಕ ಮಾತ್ರ ಕೂಡಿಸಿ "ನಮ್ಮೋರು ಗುಡಿಗೆ ಇಷ್ಟೇ ಕೊಡ್ತಾರೆ" ಅಂತ ಗ್ರಾಫ್ ಹಾಕೋರನ್ನ ನಂಬ್ಬೇಡಿ. ಕರ್ನಾಟಕಕ್ಕೆ ಎಷ್ಟು ಹೋಯ್ತು ಅಂತ ಹುಡುಕಿದ್ರೂ ಅಷ್ಟೇ, 990 ಜೊತೆ ಹೊರದೇಶದ ಖರ್ಚು ಬರೆಯೋ ಶೆಡ್ಯೂಲ್ ಎಫ್ ಅಲ್ಲಿ "ದಕ್ಷಿಣ ಏಷ್ಯಾ" ಅಂತ ಒಂದು ಸಾಲು ಬರೆದು ಮುಗಿಸಿರ್ತಾರೆ.

ರಸೀದಿ ವಿಷ್ಯದಲ್ಲಿ ನಮ್ಮ ಇಂಡಿಯಾನೇ ವಾಸಿ. ಅಲ್ಲಿ ಸಂಸ್ಥೆಯೋರೇ ಇಲಾಖೆಗೆ ಲೆಕ್ಕ ಕೊಟ್ಟು ನಿಮಗೆ ದಾನದ ಸರ್ಟಿಫಿಕೇಟ್ ಕಳಿಸ್ಬೇಕು. ಇಲ್ಲಿ ಅದೆಲ್ಲ ನಿಮ್ಮ ತಲೆಮೇಲೆ. 250 ಡಾಲರ್ ಮತ್ತು ಮೇಲಿಂದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲಲ್ಲ, ರಿಟರ್ನ್ ಹಾಕೋ ಮುಂಚೆ ಸಂಸ್ಥೆಯಿಂದ ಲಿಖಿತ ಪತ್ರ ಕೈಲಿರ್ಬೇಕು. ಯುಗಾದಿ ಊಟದ ಟಿಕೆಟ್ ತಗೊಂಡಿದ್ರೆ ಒಬ್ಬಟ್ಟಿನ ಊಟದ ಬೆಲೆ ಕಳೆದು ಉಳಿದಿದ್ದಷ್ಟೇ ದಾನ.

ಊರಿನ ಶಾಲೆ ಟ್ರಸ್ಟ್‌ಗೆ ನೇರ ಕಳಿಸಿದ್ದು ಇಲ್ಲಿ ಲೆಕ್ಕಕ್ಕೇ ಬರಲ್ಲ, 80ಜಿ (ದಾನಕ್ಕೆ ಇಂಡಿಯಾದ ಟ್ಯಾಕ್ಸ್ ವಿನಾಯ್ತಿ) ರಸೀದಿ ತೋರಿಸಿದ್ರೂ ಅಷ್ಟೇ. ಇಂಡಿಯಾದಲ್ಲಿ ಬಾಡಿಗೆ ಬರ್ತಿದ್ದು, ಅಲ್ಲಿ ಹಳೇ ರೆಜೀಮಲ್ಲೇ (ವಿನಾಯ್ತಿಗಳಿರೋ ಹಳೇ ಟ್ಯಾಕ್ಸ್ ಪದ್ಧತಿ) ರಿಟರ್ನ್ ಹಾಕ್ತಿದ್ರೆ ಅಲ್ಲೇ ಕ್ಲೈಮ್ ಮಾಡ್ಕೊಳ್ಳಿ. ಇಲ್ಲಾಂದ್ರೆ ಡಿಡಕ್ಷನ್ ಆಸೆ ಬಿಟ್ಟು ಕಳಿಸಿ, ಶಾಲೆಗಂತೂ ದುಡ್ಡು ತಲುಪುತ್ತೆ.